ಗಂಟಿನೊಳಗೆ ಇರುವುದು ಯಾರು? ಬೇರಿನ ಜಂತುಹುಳುವಿನ ಗುರುತು ಹಿಡಿಯುವ ಕೆಲಸ

(ತಾಲ್ಲೂಕು ಕೇಂದ್ರವೊಂದರಲ್ಲಿ ರೈತರು, ಶಿಕ್ಷಕರು ಮತ್ತು ಡಿಗ್ರಿ ವಿದ್ಯಾರ್ಥಿಗಳ ಮುಂದೆ ಕೊಟ್ಟ ಉಪನ್ಯಾಸ. ಆಡಿದ ಮಾತನ್ನೇ ಸ್ವಲ್ಪ ತಿದ್ದಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಈ ಗಾಜಿನ ಬಾಟಲಿಯನ್ನು ಮೊದಲು ಒಬ್ಬರಿಂದ ಒಬ್ಬರಿಗೆ ದಾಟಿಸಿ. ಎಲ್ಲರೂ ಒಂದು ಸಲ ನೋಡಿ. ಒಳಗಿರುವುದು ಟೊಮೆಟೊ ಗಿಡದ ಬೇರು. ಬೇರು ಅಂದರೆ ನೂಲಿನ ಎಳೆ ಹಾಗೆ ಇರಬೇಕು, ಅಲ್ವಾ? ಇದು ಹಸಿ ಶುಂಠಿಯ ಹಾಗೆ ಗಂಟು ಗಂಟಾಗಿದೆ. ಇಂಥ ಬೇರಿಗೆ ನೀರು ಎಳೆಯುವ ಶಕ್ತಿ ಇರುವುದಿಲ್ಲ. ಎಷ್ಟು ನೀರು ಬಿಟ್ಟರೂ ಮಧ್ಯಾಹ್ನದ ಹೊತ್ತಿಗೆ ಗಿಡ ಬಾಡಿ ನಿಲ್ಲುತ್ತದೆ. ಗೊಬ್ಬರ ಕಡಿಮೆಯಾಯಿತೇನೋ ಅಂತ ಮೇಲೆ ಇನ್ನಷ್ಟು ಗೊಬ್ಬರ ಸುರಿಯುತ್ತೇವೆ.

ಈ ಬೇರನ್ನು ತಂದವರು ಕೋಲಾರದ ಕಡೆಯ ಒಬ್ಬ ರೈತರು. ಹೋದ ವರ್ಷ ಏಪ್ರಿಲ್ ತಿಂಗಳು. ಒದ್ದೆ ಗೋಣಿಚೀಲದಲ್ಲಿ ನಾಲ್ಕು ಗಿಡ ಸುತ್ತಿಕೊಂಡು ಬಂದಿದ್ದರು. "ಮೇಡಂ, ಗಂಟು ಬರಲ್ಲ ಅಂತ ಹೇಳಿ ಈ ಬೀಜ ಕೊಟ್ಟರು. ದುಡ್ಡೂ ಜಾಸ್ತಿ ಕೊಟ್ಟೆ. ನೋಡಿ ಏನಾಗಿದೆ" ಅಂದರು. ಮಾತಿನಲ್ಲಿ ಸಿಟ್ಟಿರಲಿಲ್ಲ, ಸೋತ ದನಿ ಇತ್ತು.

ಆ ಗಳಿಗೆಯಲ್ಲಿ ನಾನು ಹೇಳಬಹುದಾಗಿದ್ದು ಇಷ್ಟೇ: "ಅಣ್ಣ, ಇದು ಬೇರುಗಂಟು ಜಂತುಹುಳು." ಅದು ಅವರಿಗೂ ಗೊತ್ತಿತ್ತು. ಯಾವ ಬೇರುಗಂಟು ಜಂತುಹುಳು ಅನ್ನುವುದು ಮಾತ್ರ ಇಬ್ಬರಿಗೂ ಗೊತ್ತಿರಲಿಲ್ಲ. ಇವತ್ತಿನ ನನ್ನ ಮಾತೆಲ್ಲ ಆ "ಯಾವ" ಅನ್ನುವ ಒಂದು ಪದದ ಬಗ್ಗೆ.

ಜಂತುಹುಳು ಅಂದ ಕೂಡಲೇ ಮಕ್ಕಳ ಹೊಟ್ಟೆಯ ಜಂತು ನೆನಪಾಗುತ್ತದೆ. ಇವು ಅದೇ ಬಳಗದ ದೂರದ ನೆಂಟರು. 2019ರಲ್ಲಿ ಬಂದ ಒಂದು ಅಂದಾಜಿನ ಪ್ರಕಾರ ನೆಲದ ಮೇಲಿರುವ ಪ್ರತಿ ಐದು ಪ್ರಾಣಿಗಳಲ್ಲಿ ನಾಲ್ಕು ಜಂತುಹುಳುಗಳೇ. ಹೆಚ್ಚಿನವು ನಮ್ಮ ತಂಟೆಗೆ ಬರುವುದಿಲ್ಲ. ಮಣ್ಣಿನಲ್ಲಿ ಬ್ಯಾಕ್ಟೀರಿಯಾ ತಿಂದುಕೊಂಡು, ಶಿಲೀಂಧ್ರ ತಿಂದುಕೊಂಡು, ಮಣ್ಣಿನ ಕೆಲಸ ಮಾಡಿಕೊಂಡು ಇರುತ್ತವೆ. ಗಿಡವನ್ನು ತಿನ್ನುವವು 4,100ಕ್ಕೂ ಹೆಚ್ಚು ಜಾತಿ. ಅದರಲ್ಲಿ ಬೇರಿಗೆ ಗಂಟು ಕಟ್ಟುವ ಗುಂಪು ಒಂದೇ ಸುಮಾರು ನೂರು ಜಾತಿಯದ್ದು. ಆ ಗುಂಪಿನ ಹೆಸರು ಮೆಲಾಯ್ಡೋಗೈನ್. ಗ್ರೀಕ್ ಭಾಷೆಯ ಪದ. ಸೇಬಿನ ಹಾಗೆ, ಸೋರೆಕಾಯಿ ಹಾಗೆ ಉಬ್ಬಿದ ಹೆಣ್ಣು ಅಂತ ಅರ್ಥ. ಎಮಿಲ್ ಗೋಲ್ಡಿ ಅನ್ನುವ ವಿಜ್ಞಾನಿ ಬ್ರೆಜಿಲ್‌ನ ಕಾಫಿ ಗಿಡದ ಬೇರಿನಲ್ಲಿ ಇದನ್ನು ನೋಡಿ 1880ರ ದಶಕದಲ್ಲಿ ಈ ಹೆಸರು ಕೊಟ್ಟರು. ನಮ್ಮ ದೇಶದಲ್ಲಿ ಇದರ ಮೊದಲ ವರದಿ 1901ರದ್ದು. ನೀಲಗಿರಿ ಸೀಮೆಯ ದೇವಾಲಾದ ಚಹಾ ತೋಟದಲ್ಲಿ ಸಿ. ಎ. ಬಾರ್ಬರ್ ಕಂಡದ್ದು.

ಮೊಟ್ಟೆಯಿಂದ ಹೊರಬಂದ ಮರಿ ಒಂದು ಮಿಲಿಮೀಟರಿನ ಅರ್ಧಕ್ಕಿಂತ ಕಡಿಮೆ ಉದ್ದ. ನೀರಿನಂತೆ ಪಾರದರ್ಶಕ. ಬಾಯಲ್ಲಿ ಒಂದು ಟೊಳ್ಳು ಸೂಜಿ ಇರುತ್ತದೆ, ಡಾಕ್ಟರ ಇಂಜೆಕ್ಷನ್ ಸೂಜಿ ಹಾಗೆ. ಅದರಿಂದ ಬೇರಿನ ತುದಿ ಚುಚ್ಚಿ ಒಳಗೆ ಹೋಗುತ್ತದೆ. ಒಂದು ಕಡೆ ತಳ ಊರಿದರೆ ಮತ್ತೆ ಕದಲುವುದಿಲ್ಲ. ಸುತ್ತಲಿನ ಕೆಲವು ಕೋಶಗಳನ್ನು ಗಿಡದ ಕೈಯಲ್ಲೇ ದೊಡ್ಡದು ಮಾಡಿಸಿ ಅಲ್ಲೇ ಕೂತು ಉಣ್ಣುತ್ತದೆ. ಆ ಜಾಗವೇ ನಮಗೆ ಕಾಣುವ ಗಂಟು. ಬೆಚ್ಚಗಿನ ಮಣ್ಣಿನಲ್ಲಿ ಮೂರು ನಾಲ್ಕು ವಾರಕ್ಕೆ ಹೆಣ್ಣು ಉಬ್ಬಿ ದುಂಡಗಾಗಿ, ಅಂಟು ಚೀಲವೊಂದರಲ್ಲಿ ನೂರಾರು ಮೊಟ್ಟೆ ಇಡುತ್ತದೆ. ಒಂದು ಟೊಮೆಟೊ ಬೆಳೆ ಮುಗಿಯುವುದರೊಳಗೆ ಮೂರು ನಾಲ್ಕು ತಲೆಮಾರು.

ಸರಿ, ಹುಳು ಯಾವುದಾದರೇನು, ಗಂಟು ಗಂಟೇ ಅಲ್ವಾ? ತುಂಬಾ ಜನ ಹೀಗೆ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ.

ಟೊಮೆಟೊದಲ್ಲಿ ಎಂಐ-1 ಅನ್ನುವ ಒಂದು ಜೀನ್ ಇದೆ. ಪೆರು ದೇಶದ ಕಾಡು ಟೊಮೆಟೊದಿಂದ 1940ರ ದಶಕದಲ್ಲಿ ಬಹಳ ಕಷ್ಟಪಟ್ಟು ನಾಟಿ ಟೊಮೆಟೊಗೆ ತಂದದ್ದು. ಬೀಜ ತಾನಾಗಿ ಬಲಿಯುತ್ತಿರಲಿಲ್ಲ. ಎಳೆ ಭ್ರೂಣವನ್ನೇ ತೆಗೆದು ಲ್ಯಾಬಿನಲ್ಲಿ ಬೆಳೆಸಬೇಕಾಯಿತು. ಬೇರುಗಂಟು ತಡೆಯುವ ಟೊಮೆಟೊ ತಳಿಗಳು ಹೆಚ್ಚಾಗಿ ನಿಂತಿರುವುದು ಈ ಒಂದು ಜೀನಿನ ಮೇಲೆ. ಇದು ಇನ್ಕಾಗ್ನಿಟ, ಜವಾನಿಕ, ಅರೆನೇರಿಯ ಅನ್ನುವ ಮೂರು ಜಾತಿಗಳನ್ನು ತಡೆಯುತ್ತದೆ. ಹಾಪ್ಲ ಅನ್ನುವ ಜಾತಿಯನ್ನು ತಡೆಯುವುದಿಲ್ಲ. ಎಂಟರೊಲೋಬಿ ಅನ್ನುವ ಇನ್ನೊಂದನ್ನೂ ತಡೆಯುವುದಿಲ್ಲ. ಹೊಲದಲ್ಲಿ ಇರುವುದು ಎಂಟರೊಲೋಬಿ ಆಗಿದ್ದರೆ, ಜಾಸ್ತಿ ದುಡ್ಡು ಕೊಟ್ಟು ತಂದ ಬೀಜ ಅವತ್ತೇ ದಂಡ.

ಬೆಳೆ ಬದಲಾಯಿಸುವಾಗಲೂ ಹೀಗೇ. ಟೊಮೆಟೊ ಆದಮೇಲೆ ಶೇಂಗಾ ಹಾಕಿ ಅಂತ ಸಲಹೆ ಕೊಡುತ್ತೇವೆ. ಇನ್ಕಾಗ್ನಿಟಕ್ಕೆ ಶೇಂಗಾ ಊಟವಾಗುವುದಿಲ್ಲ, ಹೊಟ್ಟೆಗಿಲ್ಲದೆ ಕಡಿಮೆಯಾಗುತ್ತದೆ. ಅರೆನೇರಿಯದ ಒಂದು ಬಗೆಗೆ ಮಾತ್ರ ಶೇಂಗಾ ಅಂದರೆ ಹಬ್ಬ. ಹೆಸರು ತಪ್ಪಿದರೆ ನಾವೇ ಕೈಯಾರೆ ಹುಳು ಸಾಕಿದಂತೆ.

ಈಗ ಹೆಸರು ಹೇಗೆ ಹಿಡಿಯುತ್ತೇವೆ ನೋಡಿ.

ಬೇರನ್ನು ನಿಧಾನ ತೊಳೆದು, ಸೂಕ್ಷ್ಮದರ್ಶಕದ ಕೆಳಗೆ ಒಂದು ಗಂಟನ್ನು ಸೂಜಿಯಿಂದ ಬಿಡಿಸುತ್ತೇವೆ. ಮುತ್ತಿನ ಹಾಗೆ ಹೊಳೆಯುವ ಬಿಳಿ ಕಾಳೊಂದು ಜಾರಿ ಹೊರಬರುತ್ತದೆ. ಸಾಸಿವೆಗಿಂತ ಎಷ್ಟೋ ಚಿಕ್ಕದು. ಒಂದು ಕಡೆ ಸಣ್ಣ ಕುತ್ತಿಗೆ. ಅದೇ ಹೆಣ್ಣು. ಮೊದಲ ಸಲ ನೋಡಿದ ವಿದ್ಯಾರ್ಥಿಗಳು "ಇಷ್ಟು ಚೆನ್ನಾಗಿದೆಯಾ!" ಅನ್ನುತ್ತಾರೆ. ಇಷ್ಟು ವರ್ಷ ನೋಡಿದ ಮೇಲೂ ನನಗೆ ಹಾಗೇ ಅನಿಸುತ್ತದೆ.

ಇದರ ಹಿಂಭಾಗವನ್ನು ತೆಳು ಬ್ಲೇಡಿನಿಂದ ಕತ್ತರಿಸುತ್ತೇವೆ. ಲ್ಯಾಕ್ಟಿಕ್ ಆಮ್ಲದ ಹನಿಯಲ್ಲಿ ಇಟ್ಟು, ಒಳಗಿನದ್ದನ್ನೆಲ್ಲ ಮೆತ್ತಗೆ ಕೆರೆದು ತೆಗೆದು, ಚರ್ಮದ ಒಂದು ಸಣ್ಣ ಚೌಕ ಮಾತ್ರ ಉಳಿಸುತ್ತೇವೆ. ಗ್ಲಿಸರಿನ್ ಹನಿಯಲ್ಲಿ ಕೂರಿಸಿ ಗಾಜು ಮುಚ್ಚಿ ದೊಡ್ಡ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ನಮ್ಮ ಹೆಬ್ಬೆಟ್ಟಿನ ಗುರುತಿನ ಹಾಗೆ ಗೆರೆಗಳು. ಯೋನಿ ಮತ್ತು ಗುದದ್ವಾರದ ಸುತ್ತ ಸುತ್ತಿಕೊಂಡ ಗೆರೆಗಳು. ಇಂಗ್ಲಿಷಿನಲ್ಲಿ ಪೆರಿನಿಯಲ್ ಪ್ಯಾಟರ್ನ್ ಅನ್ನುತ್ತಾರೆ. ನಮ್ಮ ಲ್ಯಾಬಿನಲ್ಲಿ ಸುಮ್ನೆ "ಹೆಬ್ಬೆಟ್ಟು" ಅನ್ನುತ್ತೇವೆ.

ಇನ್ಕಾಗ್ನಿಟದ ಗುರುತಿನಲ್ಲಿ ಮೇಲಿನ ಕಮಾನು ಎತ್ತರ, ತುದಿ ಚೌಕ ಹೊಡೆದ ಹಾಗೆ. ಜವಾನಿಕದಲ್ಲಿ ಎರಡೂ ಪಕ್ಕಕ್ಕೆ ಒಂದೊಂದು ಸ್ಪಷ್ಟ ಗೀಟು. ಗದ್ದೆಯನ್ನು ಬದು ಹಾಕಿ ಮೇಲೆ ಕೆಳಗೆ ಮಾಡಿದಂತೆ ಆ ಗೀಟು ಗೆರೆಗಳನ್ನು ಭಾಗ ಮಾಡುತ್ತದೆ. ಅರೆನೇರಿಯದಲ್ಲಿ ಕಮಾನು ತಗ್ಗು. ಹಾಪ್ಲದಲ್ಲಿ ಬಾಲದ ತುದಿ ಇರಬೇಕಾದ ಜಾಗದ ಹತ್ತಿರ ಸೂಜಿ ಚುಚ್ಚಿದಂಥ ಸಣ್ಣ ಚುಕ್ಕಿಗಳು.

ಇದನ್ನು ಮೊದಲು ಒಂದು ಕ್ರಮಕ್ಕೆ ತಂದವರು ಅಮೆರಿಕದ ಚಿಟ್‌ವುಡ್, 1949ರಲ್ಲಿ. ಅಲ್ಲಿಯವರೆಗೆ ಪ್ರಪಂಚದ ಬೇರುಗಂಟಿನ ಹುಳುವೆಲ್ಲ ಒಂದೇ ಜಾತಿ ಅಂತಲೇ ಲೆಕ್ಕ. ಅವರು ಈ ಗೆರೆಗಳನ್ನು ನೋಡಿ, ಇಲ್ಲ, ಇವು ಬೇರೆ ಬೇರೆ ಅಂತ ವಿಂಗಡಿಸಿದರು. ಒಂದು ಬ್ಲೇಡು, ಒಂದು ಸೂಕ್ಷ್ಮದರ್ಶಕ, ಎರಡು ಕಣ್ಣು. ಅಷ್ಟರಿಂದಲೇ ಕೃಷಿ ವಿಜ್ಞಾನದ ಒಂದು ದೊಡ್ಡ ಬಾಗಿಲು ತೆರೆಯಿತು.

ಇನ್ಕಾಗ್ನಿಟ ಅನ್ನುವ ಹೆಸರಿನ ಕಥೆ ಹೇಳದೆ ಮುಂದೆ ಹೋಗಲಾರೆ. 1919ರಲ್ಲಿ ಅಮೆರಿಕದ ಸೈನಿಕರ ಮಲ ಪರೀಕ್ಷೆ ಮಾಡುವಾಗ ಕೋಫಾಯ್ಡ್ ಮತ್ತು ವೈಟ್ ಅನ್ನುವ ಇಬ್ಬರಿಗೆ ಯಾರೂ ಕಾಣದ ಮೊಟ್ಟೆಗಳು ಸಿಕ್ಕವು. ಮನುಷ್ಯನ ಹೊಟ್ಟೆಯ ಹೊಸ ಜಂತು ಅಂತ ತಿಳಿದು, ಅದಕ್ಕೆ "ಗೊತ್ತಿಲ್ಲದ್ದು" ಅನ್ನುವ ಅರ್ಥದ ಲ್ಯಾಟಿನ್ ಹೆಸರು ಇಟ್ಟರು. ನಾಲ್ಕು ವರ್ಷ ಆದಮೇಲೆ ಸ್ಯಾಂಡ್‌ಗ್ರೌಂಡ್ ಅನ್ನುವವರು ಗುಟ್ಟು ಬಿಡಿಸಿದರು. ಆ ಮೊಟ್ಟೆ ಬೇರುಗಂಟು ಹುಳುವಿನದ್ದು. ಸೈನಿಕರು ಗಂಟಿರುವ ತರಕಾರಿ ತಿಂದಿದ್ದರು, ಮೊಟ್ಟೆ ಹಾಗೇ ಹಾದು ಹೊರಬಂದಿತ್ತು, ಅಷ್ಟೇ. ಚಿಟ್‌ವುಡ್ ಜಾತಿಗಳನ್ನು ವಿಂಗಡಿಸುವಾಗ ಆ ಹೆಸರನ್ನೇ ಉಳಿಸಿಕೊಂಡರು. ಪ್ರಪಂಚದ ಹೊಲಗಳಲ್ಲಿ ಅತಿ ಹೆಚ್ಚು ಕಾಣುವ ಹುಳುಗಳಲ್ಲಿ ಒಂದರ ಹೆಸರು ಇವತ್ತಿಗೂ "ಗೊತ್ತಿಲ್ಲದ್ದು".

ಕೋಲಾರದ ಬೇರಿಗೆ ಬರೋಣ. ನಾನು ಹದಿನೈದು ಹೆಣ್ಣುಗಳ ಹೆಬ್ಬೆಟ್ಟು ತೆಗೆದೆ. ಹತ್ತಕ್ಕಿಂತ ಕಡಿಮೆ ನೋಡಿ ಹೆಸರು ಹೇಳಬಾರದು, ಯಾಕೆಂದರೆ ಮನುಷ್ಯರಲ್ಲಿ ಇದ್ದ ಹಾಗೆ ಅವುಗಳಲ್ಲೂ ಒಂದರಿಂದ ಒಂದಕ್ಕೆ ವ್ಯತ್ಯಾಸ ಇರುತ್ತದೆ. ಒಂಬತ್ತು ಒಳ್ಳೆಯ ಎತ್ತರದ ಕಮಾನು, ಇನ್ಕಾಗ್ನಿಟದ ಹಾಗೆ. ಉಳಿದ ಆರು ಸ್ವಲ್ಪ ದುಂಡು. ಕಮಾನಿನ ಭುಜ ಇಳಿದಿತ್ತು, ಗೆರೆ ನಯವಾಗಿತ್ತು. ನನಗೆ ಸಂಶಯ ಬಂತು.

ಸಂಶಯಕ್ಕೆ ಕಾರಣ ಎಂಟರೊಲೋಬಿ. ಇದನ್ನು 1983ರಲ್ಲಿ ಚೀನಾದ ಹೈನಾನ್ ದ್ವೀಪದಲ್ಲಿ ಎಂಟರೊಲೋಬಿಯಂ ಅನ್ನುವ ಮರದ ಬೇರಿನಿಂದ ವಿವರಿಸಿದರು. ಮರದ ಹೆಸರೇ ಹುಳುವಿನ ಹೆಸರಾಯಿತು. ಐದು ವರ್ಷದ ನಂತರ ಪೋರ್ಟೊರಿಕೊದ ಬದನೆ ಗಿಡದಲ್ಲಿ ಸಿಕ್ಕ ಹುಳುವಿಗೆ ಬೇರೆಯವರು ಮಾಯಾಗ್ವೆನ್ಸಿಸ್ ಅಂತ ಇನ್ನೊಂದು ಹೆಸರು ಇಟ್ಟರು. ಎರಡೂ ಒಂದೇ ಹುಳು ಅಂತ ಒಪ್ಪಿಕೊಳ್ಳಲು ವರ್ಷಗಟ್ಟಲೆ ಹಿಡಿಯಿತು. ಅದನ್ನು ತೀರ್ಮಾನ ಮಾಡಿದ್ದರಲ್ಲಿ ಡಿಎನ್‌ಎಯದ್ದು ದೊಡ್ಡ ಪಾಲು. ನಮ್ಮ ಪಕ್ಕದ ತಮಿಳುನಾಡಿನ ಸೀಬೆ ತೋಟಗಳಿಂದ ಇದರ ವರದಿ 2016ರಲ್ಲಿ ಬಂತು. ಸೀಬೆ ಗಿಡಕ್ಕೆ ಇದು ದೊಡ್ಡ ಶತ್ರು. ಬೇರಿನ ಗಂಟು ಕೊಳೆತು ಮರವೇ ಒಣಗುತ್ತದೆ. ಪಾಲಿಥಿನ್ ಚೀಲದ ಸಸಿಯ ಮಣ್ಣಿನಲ್ಲಿ ಕೂತು ಊರಿಂದ ಊರಿಗೆ ಹೋಗುತ್ತದೆ. ಇದರ ಹೆಬ್ಬೆಟ್ಟು ಇನ್ಕಾಗ್ನಿಟದ ಹೆಬ್ಬೆಟ್ಟಿಗೆ ಬಹಳ ಹತ್ತಿರ. ಪಳಗಿದ ಕಣ್ಣೂ ತಪ್ಪುತ್ತದೆ. ಮರಿಗಳ ಬಾಲ ಅಳೆದು ನೋಡಬಹುದು, ಎಂಟರೊಲೋಬಿಯ ಬಾಲ ಸ್ವಲ್ಪ ಉದ್ದ. ಆದರೆ ಅಳತೆಗಳು ಒಂದರ ಮೇಲೊಂದು ಹತ್ತಿಕೊಳ್ಳುತ್ತವೆ.

ಕಣ್ಣು ಮಾತ್ರ ಸಾಲದು ಅನ್ನುವುದು ಇಂಥ ಜಾಗದಲ್ಲಿ. 1985ರಲ್ಲಿ ಎಸ್ಬೆನ್‌ಶೇಡ್ ಮತ್ತು ಟ್ರಯಾಂಟಾಫಿಲು ಅನ್ನುವವರು ಒಂದು ಜಾಣ ದಾರಿ ತೋರಿಸಿದರು. ಒಂದೇ ಒಂದು ಹೆಣ್ಣನ್ನು ಅರೆದು, ಅದರ ಎಸ್ಟರೇಸ್ ಕಿಣ್ವವನ್ನು ಜೆಲ್ಲಿನಲ್ಲಿ ವಿದ್ಯುತ್ ಹರಿಸಿ ಓಡಿಸಿದರೆ, ಪಟ್ಟಿಗಳು ಮೂಡುತ್ತವೆ. ಜವಾನಿಕಕ್ಕೆ ಮೂರು ಪಟ್ಟಿ, ಇನ್ಕಾಗ್ನಿಟಕ್ಕೆ ಹೆಚ್ಚಾಗಿ ಒಂದು. ಇವತ್ತಿಗೂ ಇದು ನಂಬಬಹುದಾದ ಪರೀಕ್ಷೆ. ತೊಂದರೆ ಒಂದೇ. ಹೆಣ್ಣು ಜೀವಂತ ಇರಬೇಕು, ಆಗ ತಾನೇ ಮೊಟ್ಟೆ ಇಡುವ ಪ್ರಾಯದ್ದಾಗಿರಬೇಕು. ಮರಿ ಸಿಕ್ಕರೆ, ಗಂಡು ಸಿಕ್ಕರೆ ಉಪಯೋಗವಿಲ್ಲ. ಡಿಎನ್‌ಎಗೆ ಆ ಕಟ್ಟಳೆ ಇಲ್ಲ. ಮೊಟ್ಟೆ, ಮರಿ, ಗಂಡು, ಹೆಣ್ಣು ಯಾವುದಾದರೂ ಸರಿ.

ಡಿಎನ್‌ಎ ಕೆಲಸ ಅಂದರೆ ದೊಡ್ಡ ಯಂತ್ರ ಅಂತ ಹೆದರುತ್ತಾರೆ. ಮೊದಲ ಹೆಜ್ಜೆ ಒಂದು ಹನಿ ನೀರು ಮತ್ತು ಬ್ಲೇಡು. ಒಂದು ಹುಳುವನ್ನು ಹನಿಯಲ್ಲಿ ಇಟ್ಟು ಎರಡು ಮೂರು ತುಂಡು ಮಾಡಿ, ಪುಟ್ಟ ಟ್ಯೂಬಿಗೆ ಎಳೆದುಕೊಳ್ಳುತ್ತೇವೆ. ಪ್ರೋಟೀನ್ ಕರಗಿಸುವ ಕಿಣ್ವ ಹಾಕಿ ಸುಮಾರು 60 ಡಿಗ್ರಿಯಲ್ಲಿ ಇಡುತ್ತೇವೆ. ಆಮೇಲೆ 95 ಡಿಗ್ರಿಗೆ ಕಾಯಿಸಿ ಆ ಕಿಣ್ವವನ್ನು ನಿಲ್ಲಿಸುತ್ತೇವೆ. ಟ್ಯೂಬಿನಲ್ಲಿ ಈಗ ಹುಳುವಿನ ಡಿಎನ್‌ಎ ಇದೆ, ಕಣ್ಣಿಗೆ ಕಾಣದಷ್ಟು. ಅದನ್ನು ಪಿಸಿಆರ್ ಯಂತ್ರ ಪ್ರತಿ ಸುತ್ತಿಗೂ ಎರಡು ಪಟ್ಟು ಮಾಡುತ್ತಾ ಹೋಗುತ್ತದೆ. ಮೂವತ್ತು ಮೂವತ್ತೈದು ಸುತ್ತು. ಒಂದು ಕಾಳಿನಿಂದ ಕಣಜ ತುಂಬಿದ ಹಾಗೆ.

ಆದರೆ ಯಂತ್ರ ಡಿಎನ್‌ಎ ಎಲ್ಲವನ್ನೂ ನಕಲು ಮಾಡುವುದಿಲ್ಲ. ನಾವು ಹಾಕುವ ಪ್ರೈಮರ್, ಅಂದರೆ ಡಿಎನ್‌ಎಯ ಒಂದು ಪುಟ್ಟ ಎಳೆ, ಎಲ್ಲಿಗೆ ಅಂಟುತ್ತದೋ ಆ ತುಂಡನ್ನು ಮಾತ್ರ ಮಾಡುತ್ತದೆ. ಒಂದೊಂದು ಜಾತಿಗೂ ಅದರಲ್ಲಿ ಮಾತ್ರ ಇರುವ ತುಂಡು ಹುಡುಕಿ ಪ್ರೈಮರ್ ಮಾಡಿದ್ದಾರೆ. ನೆದರ್‌ಲ್ಯಾಂಡ್ಸ್‌ನ ಜಿಲ್‌ಸ್ಟ್ರಾ ಮತ್ತು ಜೊತೆಯವರು 2000ದಲ್ಲಿ ಪ್ರಕಟಿಸಿದ ಪ್ರೈಮರ್‌ಗಳನ್ನು ಎಲ್ಲ ದೇಶದವರೂ ಬಳಸುತ್ತಾರೆ. ಅವುಗಳಲ್ಲಿ ಇನ್ಕಾಗ್ನಿಟಕ್ಕೆ 1200 ಅಕ್ಷರ ಉದ್ದದ ತುಂಡು ಬರುತ್ತದೆ, ಜವಾನಿಕಕ್ಕೆ 670, ಅರೆನೇರಿಯಕ್ಕೆ 420. ಎಂಟರೊಲೋಬಿಗೆ ಬೇರೆಯವರು ಮಾಡಿದ ಪ್ರೈಮರ್ ಇದೆ, ಅದರಲ್ಲಿ ಬರುವುದು ಸುಮಾರು 236. ಜೆಲ್ಲಿನಲ್ಲಿ ಓಡಿಸಿ ನೋಡಿದರೆ ಚಿಕ್ಕ ತುಂಡು ಮುಂದೆ ಓಡಿರುತ್ತದೆ, ದೊಡ್ಡದು ಹಿಂದೆ ಉಳಿದಿರುತ್ತದೆ.

ನಾನು ಹೆಚ್ಚು ಬೆಲೆ ಕೊಡುವ ಒಂದು ಕ್ರಮ ಇದೆ. ವಿದ್ಯಾರ್ಥಿಗಳು ದಯವಿಟ್ಟು ಗಮನಿಸಿ. ಹೆಣ್ಣನ್ನು ಲ್ಯಾಕ್ಟಿಕ್ ಆಮ್ಲಕ್ಕೆ ಹಾಕುವ ಮೊದಲೇ, ಶುದ್ಧ ನೀರಿನಲ್ಲಿ ಎರಡು ಭಾಗ ಮಾಡಿ. ಹಿಂಭಾಗದ ಚರ್ಮ ಹೆಬ್ಬೆಟ್ಟಿಗೆ. ಮುಂಭಾಗ ಟ್ಯೂಬಿಗೆ. ಗಾಜಿನ ಪಟ್ಟಿಯ ಮೇಲೂ ಟ್ಯೂಬಿನ ಮೇಲೂ ಒಂದೇ ನಂಬರು ಬರೆಯಿರಿ. ಆಗ ಆ ಗೆರೆ ಮತ್ತು ಆ ಡಿಎನ್‌ಎ ಒಂದೇ ಜೀವದ್ದು. ಬೇರೆ ಬೇರೆ ಹುಳುಗಳಿಂದ ಒಂದಿಷ್ಟು ಗೆರೆ, ಒಂದಿಷ್ಟು ಡಿಎನ್‌ಎ ತೆಗೆದರೆ, ಬೇರಿನಲ್ಲಿ ಎರಡು ಜಾತಿ ಬೆರೆತಿದ್ದಾಗ ಮೋಸ ಹೋಗುತ್ತೇವೆ. ಒಂದೇ ಬೇರಿನಲ್ಲಿ ಎರಡು ಜಾತಿ ಇರುವುದು ಅಪರೂಪವೇನಲ್ಲ. ಗಂಟುಗಳನ್ನೆಲ್ಲ ಒಟ್ಟಿಗೆ ಅರೆದು ಒಂದು ಟ್ಯೂಬಿಗೆ ಹಾಕುವ ಅಭ್ಯಾಸ ಈಗ ಜಾಸ್ತಿ ಆಗಿದೆ. ಬೇಗ ಆಗುತ್ತದೆ, ನಿಜ. ಆದರೆ ಏನನ್ನು ಅರೆದೆವು ಅನ್ನುವುದಕ್ಕೆ ಸಾಕ್ಷಿ ಉಳಿಯುವುದಿಲ್ಲ. ಇದು ನನ್ನನ್ನು ನಿಜವಾಗಿಯೂ ಕಾಡುವ ವಿಷಯ.

ಡಿಎನ್‌ಎ ಇದ್ದರೆ ಸಾಕು, ಸೂಕ್ಷ್ಮದರ್ಶಕ ಯಾಕೆ ಅನ್ನುವವರೂ ಇದ್ದಾರೆ. ಇಲ್ಲಿ ಸ್ವಲ್ಪ ನಿಧಾನ ಮಾಡುತ್ತೇನೆ.

ಜಾತಿ ಗುರುತಿಗೆ ಎಲ್ಲರೂ ಓದುವ ಐಟಿಎಸ್ ಅನ್ನುವ ಡಿಎನ್‌ಎ ಭಾಗ ಒಂದಿದೆ. ಎಷ್ಟೋ ಜಂತುಹುಳುಗಳಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಇನ್ಕಾಗ್ನಿಟ, ಜವಾನಿಕ, ಅರೆನೇರಿಯ ಈ ಮೂರರಲ್ಲಿ ಮಾತ್ರ ಕೈಕೊಡುತ್ತದೆ. ಯಾಕೆಂದರೆ ಇವು ಗಂಡು ಹೆಣ್ಣು ಕೂಡದೆಯೇ ಸಂತಾನ ಬೆಳೆಸುವ ಜಾತಿಗಳು. ಹಿಂದೆ ಯಾವುದೋ ಕಾಲದಲ್ಲಿ ಬೇರೆ ಜಾತಿಗಳು ಬೆರೆತು ಹುಟ್ಟಿದ ಬೆರಕೆಗಳು. ಬೆರಕೆಯ ಎರಡೂ ಕಡೆಯ ಡಿಎನ್‌ಎ ಒಂದೇ ಹುಳುವಿನೊಳಗೆ ಇರುತ್ತದೆ. ಮೂರೂ ಜಾತಿಗೂ ಹತ್ತಿರ ಹತ್ತಿರ ಅದೇ ಅಜ್ಜ ಅಜ್ಜಿ. ಹಾಗಾಗಿ ಐಟಿಎಸ್ ಓದಿ, ಎಲ್ಲರೂ ತಾವು ಓದಿದ ಡಿಎನ್‌ಎ ಸರಣಿ ಹಾಕಿಡುವ ದತ್ತಾಂಶ ಕಣಜದಲ್ಲಿ ಕಂಪ್ಯೂಟರಿನಿಂದ ಹುಡುಕಿದರೆ ಮೂರು ಹೆಸರೂ ಒಟ್ಟಿಗೆ ಬರುತ್ತವೆ, ನೂರಕ್ಕೆ 99 ಹೊಂದಿಕೆ. ಎಲ್ಲಕ್ಕಿಂತ ಮೇಲೆ ಬಂದ ಹೆಸರನ್ನು ಬರೆದುಕೊಂಡು ಬಿಟ್ಟರೆ ಅದು ಚೀಟಿ ಎತ್ತಿದ ಹಾಗೆ. ಇನ್ನೊಂದು ತೊಂದರೆ, ಆ ದತ್ತಾಂಶ ಕಣಜದಲ್ಲಿ ತಪ್ಪು ಹೆಸರಿನ ಸರಣಿಗಳೂ ಇವೆ. ಯಾರೋ ಹುಳು ಸರಿಯಾಗಿ ನೋಡದೆ ಹಾಕಿದ ಹೆಸರು ಅಲ್ಲೇ ಕೂತಿದೆ. ಅದನ್ನು ನೋಡಿ ಇನ್ನೊಬ್ಬರು, ಅವರನ್ನು ನೋಡಿ ಮತ್ತೊಬ್ಬರು ಅದೇ ಹೆಸರು ಬರೆಯುತ್ತಾರೆ.

ಸೂಕ್ಷ್ಮದರ್ಶಕ ಎಷ್ಟು ಬೇಗ ಉತ್ತರ ಕೊಡುತ್ತದೆ ಅನ್ನುವುದಕ್ಕೆ ಮೆಣಸಿನ ಬಳ್ಳಿಯ ಉದಾಹರಣೆ ಹೇಳುತ್ತೇನೆ. ಇಲ್ಲಿ ಕಾಳುಮೆಣಸು ಬೆಳೆಯುವವರು ಕೆಲವರು ಇದ್ದೀರಿ. ನಿಧಾನ ಸೊರಗು ರೋಗದ ಬಳ್ಳಿಯ ಬೇರಿನಲ್ಲಿ ಕೊರೆಯುವ ಜಂತುಹುಳು ಇರಬಹುದು. ರಾಡೊಫೋಲಸ್ ಸಿಮಿಲಿಸ್ ಅದರ ಹೆಸರು. ಬಾಳೆಗೂ ಅಡಿಕೆಗೂ ಬರುತ್ತದೆ. ನಮ್ಮ ದೇಶದಲ್ಲಿ 1966ರಲ್ಲಿ ಕೇರಳದ ಬಾಳೆಯಲ್ಲಿ ಮೊದಲು ಕಂಡದ್ದು. ಅದೇ ತೋಟದ ಕಾಫಿ ಬೇರಿನಲ್ಲಿ ಪ್ರಾಟಿಲೆಂಕಸ್ ಕಾಫಿಯೆ ಅನ್ನುವ ಇನ್ನೊಂದು ಹುಳು ಇರಬಹುದು. ಎರಡೂ ಅರ್ಧ ಮಿಲಿಮೀಟರ್ ಆಸುಪಾಸಿನ ಹುಳು. ಎರಡೂ ಬೇರಿನೊಳಗೆ ಓಡಾಡಿ ಕಂದು ಗಾಯ ಮಾಡುತ್ತವೆ. ಹೊರಗಿನಿಂದ ಗೊತ್ತಾಗುವುದೇ ಇಲ್ಲ.

ಒಂದು ಹೆಣ್ಣನ್ನು ಹನಿಯಲ್ಲಿ ಮಲಗಿಸಿ ನೋಡಿ. ತಲೆಯಿಂದ ಬಾಲದವರೆಗಿನ ಉದ್ದವನ್ನು ನೂರು ಅಂತ ಇಟ್ಟುಕೊಂಡರೆ, ಯೋನಿ ಎಷ್ಟನೇ ಜಾಗದಲ್ಲಿದೆ ಅಂತ ಅಳೆಯಿರಿ. ಐವತ್ತೈದರ ಹತ್ತಿರ, ಅಂದರೆ ನಡುವಿನಲ್ಲಿ ಇದ್ದು, ಎರಡೂ ಕಡೆಗೆ ಒಂದೊಂದು ಅಂಡಾಶಯ ಹೋಗಿದ್ದರೆ ಅದು ರಾಡೊಫೋಲಸ್. ಎಪ್ಪತ್ತರಿಂದ ಆಚೆ, ಬಾಲದ ಕಡೆಗೆ ಇದ್ದು, ಮುಂದಕ್ಕೆ ಒಂದೇ ಅಂಡಾಶಯ ಇದ್ದರೆ ಪ್ರಾಟಿಲೆಂಕಸ್. ಇನ್ನೂ ಸಂಶಯ ಇದ್ದರೆ ಗಂಡನ್ನು ಹುಡುಕಿ. ರಾಡೊಫೋಲಸ್ ಗಂಡಿನ ತಲೆ ಗುಬಟಿನ ಹಾಗೆ ಎದ್ದಿರುತ್ತದೆ, ಬಾಯಿಸೂಜಿ ಸವೆದು ಹೋದಂತೆ ತೆಳು. ಗಂಡು ತಿನ್ನುವುದೇ ಇಲ್ಲ, ಅದಕ್ಕೆ ಸೂಜಿ ಬೇಕಿಲ್ಲ. ಐದು ನಿಮಿಷದ ಕೆಲಸ. ಕರೆಂಟು ಹೋದರೂ ಕನ್ನಡಿಯಿಂದ ಬಿಸಿಲು ಹಾಯಿಸಿ ಮಾಡಬಹುದು, ನಾನು ಮಾಡಿದ್ದೇನೆ. ಹೀಗೆ ನೂರರ ಲೆಕ್ಕದಲ್ಲಿ ಅಳೆಯುವ ಪದ್ಧತಿ ಡಚ್ ವಿಜ್ಞಾನಿ ಡಿ ಮಾನ್ 1880ರ ಹೊತ್ತಿಗೆ ಹಾಕಿಕೊಟ್ಟದ್ದು. ಇವತ್ತಿಗೂ ಹೊಸ ಜಾತಿ ವಿವರಿಸುವವರು ಆ ಲೆಕ್ಕ ಬರೆಯಲೇಬೇಕು.

ಇದೇ ರಾಡೊಫೋಲಸ್ ವಿಷಯದಲ್ಲಿ ಕಣ್ಣು ಕೈಚೆಲ್ಲಿದ ಸಂಗತಿಯೂ ಇದೆ. ಫ್ಲಾರಿಡಾದಲ್ಲಿ ಒಂದು ಬಗೆಯ ಹುಳು ಕಿತ್ತಳೆ ನಿಂಬೆ ಜಾತಿಯ ಗಿಡಗಳನ್ನು ಒಣಗಿಸುತ್ತಿತ್ತು. ಬಾಳೆಯ ಹುಳು ಆ ಗಿಡಗಳ ತಂಟೆಗೆ ಹೋಗುತ್ತಿರಲಿಲ್ಲ. ನೋಡಲು ಎರಡೂ ಒಂದೇ. 1984ರಲ್ಲಿ ಕಿತ್ತಳೆಯ ಹುಳುವಿಗೆ ಸಿಟ್ರೊಫಿಲಸ್ ಅಂತ ಬೇರೆ ಜಾತಿಯ ಹೆಸರನ್ನೇ ಕೊಟ್ಟರು. 1990ರ ದಶಕದ ಕೊನೆಗೆ ಡಿಎನ್‌ಎ ಓದಿ, ಎರಡನ್ನೂ ಕೂಡಿಸಿ ನೋಡಿದಾಗ, ಬೇರೆ ಜಾತಿ ಅನ್ನುವಷ್ಟು ಅಂತರ ಸಿಗಲಿಲ್ಲ. ಹೆಸರು ವಾಪಸು ಒಂದೇ ಆಯಿತು. ಇದು ಪಂಡಿತರ ಜಗಳ ಅಂತ ತಿಳಿಯಬೇಡಿ. ಯಾವ ದೇಶದ ಗಿಡ ಯಾವ ದೇಶದ ಬಂದರಿನಲ್ಲಿ ಇಳಿಯಬಹುದು ಅನ್ನುವ ಕ್ವಾರಂಟೈನ್ ಕಾನೂನು ನಿಂತಿರುವುದೇ ಈ ಹೆಸರುಗಳ ಮೇಲೆ.

ಆಲೂಗಡ್ಡೆಯ ಮಾತನ್ನೂ ಹೇಳಿಬಿಡುತ್ತೇನೆ. 1961ರಲ್ಲಿ ಇಂಗ್ಲೆಂಡಿನ ಜೋನ್ಸ್ ಅನ್ನುವ ವಿಜ್ಞಾನಿ ಊಟಿಯ ಹೊಲದಲ್ಲಿ ಆಲೂಗಡ್ಡೆಯ ಸಿಸ್ಟ್ ಜಂತುಹುಳುವನ್ನು ಕಂಡರು. ಹೆಣ್ಣು ಸತ್ತಮೇಲೆ ಅದರ ಚರ್ಮವೇ ಗಟ್ಟಿ ಕಂದು ಡಬ್ಬಿಯಾಗಿ, ನೂರಾರು ಮೊಟ್ಟೆಗಳನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ವರ್ಷಗಟ್ಟಲೆ ಮಣ್ಣಿನಲ್ಲಿ ಕಾಯುತ್ತದೆ. ಇದರಲ್ಲಿ ಎರಡು ಜಾತಿ. ಬೇರಿಗೆ ಅಂಟಿಕೊಂಡ ಎಳೆ ಹೆಣ್ಣು ಬಿಳಿಯಿಂದ ಹೊನ್ನಿನ ಹಳದಿಗೆ ತಿರುಗಿ ಆಮೇಲೆ ಕಂದಾದರೆ ರಾಸ್ಟೋಕಿಯೆನ್ಸಿಸ್. ಹಳದಿಯಾಗದೆ ಬಿಳಿಯಿಂದ ನೇರ ಕಂದಾದರೆ ಪ್ಯಾಲಿಡಾ. ಬಣ್ಣ ನೋಡಲು ಸರಿಯಾದ ವಾರದಲ್ಲಿ ಗಿಡ ಕೀಳಬೇಕು. ವಾರ ತಪ್ಪಿದರೆ ಎರಡೂ ಕಂದು. ಆಮೇಲೆ ಡಬ್ಬಿಯ ಹಿಂಭಾಗದ ಏಣುಗಳನ್ನು ಎಣಿಸಬೇಕು, ಇಲ್ಲವೆ ಡಿಎನ್‌ಎಗೆ ಹೋಗಬೇಕು.

ಇಂಗ್ಲೆಂಡಿನಲ್ಲಿ ಪ್ಯಾಲಿಡಾ ಬೇರೆ ಜಾತಿ ಅಂತ ಹೆಸರು ಸಿಕ್ಕಿದ್ದು 1973ರಲ್ಲಿ. ಅದಕ್ಕೆ ಏಳು ವರ್ಷ ಮೊದಲೇ, 1966ರಲ್ಲಿ, ಮ್ಯಾರಿಸ್ ಪೈಪರ್ ಅನ್ನುವ ಆಲೂಗಡ್ಡೆ ತಳಿ ಬಂದಿತ್ತು. ಅದರಲ್ಲಿ ಇದ್ದ ತಡೆಯುವ ಜೀನ್ ರಾಸ್ಟೋಕಿಯೆನ್ಸಿಸ್‌ಗೆ ಮಾತ್ರ. ರೈತರು ಅದನ್ನೇ ಬೆಳೆದರು. ಒಂದು ಜಾತಿ ಇಳಿಯಿತು, ತೆರವಾದ ಜಾಗಕ್ಕೆ ಪ್ಯಾಲಿಡಾ ಏರಿತು. ಇವತ್ತಿಗೂ ಅಲ್ಲಿನ ರೈತರಿಗೆ ಅದೇ ದೊಡ್ಡ ತಲೆನೋವು. ನಮ್ಮಲ್ಲಿ 2018ರಲ್ಲಿ ಕೇಂದ್ರ ಸರ್ಕಾರ ಹಿಮಾಚಲ, ಉತ್ತರಾಖಂಡ, ಜಮ್ಮು ಕಾಶ್ಮೀರದಿಂದ ಬಿತ್ತನೆ ಆಲೂಗಡ್ಡೆ ಹೊರಗೆ ಹೋಗದಂತೆ ತಡೆಯಿತು. ಕಾರಣ ಇದೇ ಹುಳು. ಹಾಸನದವರು ಬಿತ್ತನೆ ಗಡ್ಡೆಯನ್ನು ಪಂಜಾಬಿನಿಂದ ತರಿಸುತ್ತಾರೆ. ಯಾವ ಗಡ್ಡೆಯ ಜೊತೆ ಯಾವ ಮಣ್ಣು ಬಂತು ಅಂತ ನೋಡುವವರು ಬೇಕು. ಅಂಥವರ ಸಂಖ್ಯೆ ನಮ್ಮಲ್ಲಿ ತೀರಾ ಕಡಿಮೆ.

ನೀವು ಬೇರು ತರುವಾಗ ಒಂದೆರಡು ಮಾತು ನೆನಪಿಡಿ. ಪೂರ್ತಿ ಒಣಗಿದ ಗಿಡ ತರಬೇಡಿ. ಅದರಲ್ಲಿ ಹುಳು ಬಿಟ್ಟು ಹೋಗಿರುತ್ತದೆ. ಈಗಷ್ಟೇ ಸೊರಗುತ್ತಿರುವ ಗಿಡ ಬೇಕು. ಗಿಡವನ್ನು ಎಳೆದು ಕೀಳಬೇಡಿ, ಸಣ್ಣ ಬೇರೆಲ್ಲ ನೆಲದಲ್ಲೇ ಉಳಿಯುತ್ತದೆ. ಸನಿಕೆಯಿಂದ ಅಗೆದು, ಒಂದು ಗೇಣು ಆಳದ ಮಣ್ಣಿನ ಜೊತೆ ಪ್ಲಾಸ್ಟಿಕ್ ಕವರಿಗೆ ಹಾಕಿ ಬಾಯಿ ಕಟ್ಟಿ. ಬಿಸಿಲಿನಲ್ಲಿ ನಿಂತ ಗಾಡಿಯೊಳಗೆ ಇಡಬೇಡಿ. ಅರ್ಧ ಗಂಟೆಯಲ್ಲಿ ಹುಳು ಬೆಂದು ಹೋಗುತ್ತದೆ. ಬೆಂದ ಹುಳುವಿನಿಂದ ನಮಗೆ ಏನೂ ಹೇಳಲಾಗುವುದಿಲ್ಲ. ಹೊಲದ ನಾಲ್ಕೈದು ಕಡೆಯಿಂದ ತನ್ನಿ. ಹಿಂದಿನ ವರ್ಷ ಏನು ಬೆಳೆದಿದ್ದಿರಿ ಅಂತ ಚೀಟಿ ಬರೆದು ಹಾಕಿ. ಆ ಚೀಟಿ ನಮಗೆ ಅರ್ಧ ಉತ್ತರ.

ಈಗ ಆ ಕೋಲಾರದ ಬೇರು. ಸಂಶಯ ಇದ್ದ ಆರು ಹೆಣ್ಣುಗಳ ಮುಂಭಾಗ ಟ್ಯೂಬಿನಲ್ಲಿ ಇತ್ತು, ಉಳಿದ ಒಂಬತ್ತರದ್ದೂ ಇತ್ತು. ಎಂಟರೊಲೋಬಿ ಪ್ರೈಮರ್ ಹಾಕಿದೆವು. 236ರ ಜಾಗದಲ್ಲಿ ಒಂದು ಪಟ್ಟಿಯೂ ಮೂಡಲಿಲ್ಲ. ಇನ್ಕಾಗ್ನಿಟ ಪ್ರೈಮರ್ ಹಾಕಿದೆವು. ಹದಿನೈದಕ್ಕೆ ಹದಿನೈದೂ 1200ರಲ್ಲಿ ನಿಂತವು. ಆ ಆರರ ದುಂಡು ಗೆರೆ ಇನ್ಕಾಗ್ನಿಟದೊಳಗಿನ ವ್ಯತ್ಯಾಸವೇ ಆಗಿತ್ತು. ಗೆರೆ ಮಾತ್ರ ನೋಡಿದ್ದರೆ ನಾನು ಅವರಿಗೆ ತಪ್ಪು ಹೆಸರು ಹೇಳಿ ಕಳಿಸುತ್ತಿದ್ದೆ.

ಹಾಗಾದರೆ ತಡೆಯುವ ತಳಿಗೆ ಗಂಟು ಬಂದದ್ದು ಹೇಗೆ? ಹುಳು ಎಂಟರೊಲೋಬಿ ಅಲ್ಲ ಅಂತ ಗೊತ್ತಾದ ಮೇಲೆಯೇ ಈ ಪ್ರಶ್ನೆಗೆ ಅರ್ಥ ಬಂದದ್ದು. ಎಂಐ-1 ಜೀನಿಗೆ ಒಂದು ದೌರ್ಬಲ್ಯ ಇದೆ. ಮಣ್ಣಿನ ಶಾಖ 28 ಡಿಗ್ರಿ ದಾಟಿದರೆ ಅದರ ತಡೆ ಸಡಿಲವಾಗುತ್ತದೆ. ನಾನು ಹೊಲಕ್ಕೆ ಹೋದೆ. ಮಾರ್ಚ್ ಕೊನೆಗೆ ನಾಟಿ ಮಾಡಿದ್ದರು, ಕಪ್ಪು ಮಲ್ಚಿಂಗ್ ಹಾಳೆ ಹಾಸಿದ್ದರು. ಹಾಳೆಯ ಕೆಳಗೆ ಬೇರಿನ ಆಳಕ್ಕೆ ಥರ್ಮಾಮೀಟರ್ ಚುಚ್ಚಿದೆ. ಮಧ್ಯಾಹ್ನ ಮೂರು ಗಂಟೆಗೆ 33 ತೋರಿಸಿತು. ಆ ಅಣ್ಣ ಥರ್ಮಾಮೀಟರ್ ಕೈಯಲ್ಲಿ ಹಿಡಿದು ತುಂಬಾ ಹೊತ್ತು ನೋಡುತ್ತಾ ನಿಂತರು.

ಅದೇ ಬೀಜವನ್ನು ಅವರು ಮಳೆಗಾಲ ಮುಗಿದ ಮೇಲೆ, ಮಣ್ಣು ತಣ್ಣಗಿದ್ದಾಗ ಮತ್ತೆ ಹಾಕಿದರು. ಮಧ್ಯೆ ಒಂದು ಬೆಳೆ ಶೇಂಗಾ ತೆಗೆದಿದ್ದರು. ಹೆಸರು ಇನ್ಕಾಗ್ನಿಟ ಅಂತ ಖಚಿತವಾಗಿದ್ದರಿಂದ ಶೇಂಗಾ ಹಾಕಿ ಅಂತ ನಾನು ಧೈರ್ಯವಾಗಿ ಹೇಳಿದ್ದೆ. ಜನವರಿಯಲ್ಲಿ ಫೋನ್ ಮಾಡಿ ಕರೆದರು. ಐದು ಕಡೆ ಗಿಡ ಅಗೆದು ನೋಡಿದೆವು. ಗಂಟು ಪೂರ್ತಿ ಹೋಗಿರಲಿಲ್ಲ, ಅಲ್ಲಲ್ಲಿ ಒಂದೊಂದು ಎಳ್ಳಿನ ಗಾತ್ರದ್ದು ಇತ್ತು. ಉಳಿದ ಬೇರು ನೂಲಿನ ಹಾಗೆ ಬಿಳಿ. ಅವರು ಒಂದು ಗಿಡದ ಬೇರನ್ನು ಕಾಲುವೆ ನೀರಿನಲ್ಲಿ ಅದ್ದಿ ತೊಳೆದು, ಕೈಯಲ್ಲಿ ಬಿಡಿಸಿ ನನಗೆ ತೋರಿಸಿದರು. ಆ ಬೇರು ಎರಡನೇ ಬಾಟಲಿಯಲ್ಲಿದೆ. ಅದನ್ನೂ ಈಗ ದಾಟಿಸುತ್ತೇನೆ, ಮೊದಲಿನದರ ಪಕ್ಕ ಇಟ್ಟು ನೋಡಿ.